ಮಹಾರಾಜ ಟ್ರೋಫಿ

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆಎಸ್‌ಸಿಎ) ನಡೆಸುವ ವೃತ್ತಿಪರ ಟಿ20 ಲೀಗ್‌ನ ಪ್ರಶಸ್ತಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಗುಲ್ಬರ್ಗ, ಶಿವಮೊಗ್ಗ, ಮಂಗಳೂರು ಹೆಸರಿನ ಆರು ತಂಡಗಳು ಇದಕ್ಕಾಗಿ ಸೆಣಸುತ್ತವೆ. ಈ ಹೆಸರು ಬಂದದ್ದು 2022ರಲ್ಲಿ. ಕಥೆಯನ್ನು ಮಾತ್ರ 2009ರಿಂದಲೇ ಹೇಳಬೇಕು.

ಐಪಿಎಲ್ ಶುರುವಾದ ಮರುವರ್ಷ, 2009ರಲ್ಲಿ, ಕೆಎಸ್‌ಸಿಎ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಆರಂಭಿಸಿತು. ಆಗ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಮೈಸೂರು ರಾಜವಂಶದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. 2013ರ ಡಿಸೆಂಬರ್ ಮೊದಲ ವಾರದಲ್ಲಿ ಅವರು ಮತ್ತೆ ಚುನಾವಣೆ ಗೆದ್ದು ಅಧ್ಯಕ್ಷರಾದರು; ಅದೇ ತಿಂಗಳ 10ರಂದು ತೀರಿಕೊಂಡರು. ಟ್ರೋಫಿಯ ಈಗಿನ ಹೆಸರಿನಲ್ಲಿರುವ ಮಹಾರಾಜರು ಇವರೇ.

ಕೆಪಿಎಲ್‌ನ ಮೊದಲ ವರ್ಷಗಳಲ್ಲಿ ಹುಬ್ಬಳ್ಳಿಯ ಹೆಸರಿರಲಿಲ್ಲ. ಬೆಳಗಾವಿ, ಬಿಜಾಪುರಗಳಿಗೆ ತಂಡವಿತ್ತು, ದಾವಣಗೆರೆಗೂ ಇತ್ತು. ಮಧ್ಯೆ ನಿಂತುಹೋಗಿದ್ದ ಲೀಗ್ 2014ರಲ್ಲಿ ಮತ್ತೆ ನಡೆದು ಮೈಸೂರು ವಾರಿಯರ್ಸ್ ಗೆದ್ದಿತು. ಹುಬ್ಬಳ್ಳಿ ಟೈಗರ್ಸ್ ಕಣಕ್ಕಿಳಿದದ್ದು ಅದರ ನಂತರ. ಅಲ್ಲಿಂದ ಮುಂದಿನ ವಿಜೇತರ ಪಟ್ಟಿ ಓದಿದರೆ ಉತ್ತರ ಕರ್ನಾಟಕದ ರೈಲು ವೇಳಾಪಟ್ಟಿ ಓದಿದಂತಿದೆ: 2015ರಲ್ಲಿ ಬಿಜಾಪುರ, 2016ರಲ್ಲಿ ಬಳ್ಳಾರಿ, 2017ರಲ್ಲಿ ಬೆಳಗಾವಿ, 2018ರಲ್ಲಿ ಮತ್ತೆ ಬಿಜಾಪುರ, 2019ರಲ್ಲಿ ಹುಬ್ಬಳ್ಳಿ. ಮಹಾರಾಜ ಟ್ರೋಫಿಯಾದ ಮೇಲೂ 2022ರಲ್ಲಿ ಗುಲ್ಬರ್ಗ, 2023ರಲ್ಲಿ ಪುನಃ ಹುಬ್ಬಳ್ಳಿ. ಹೀಗೆ ಸಾಲಾಗಿ ಏಳು ಪ್ರಶಸ್ತಿಗಳು ಮೇಲಿನ ಜಿಲ್ಲೆಗಳ ಪಾಲಾದವು.

ಈ ಪಟ್ಟಿಯನ್ನು ಕಂಡು ಹಿಗ್ಗುವ ಮುನ್ನ ಒಂದು ಮಾತು. ಆಟಗಾರರು ಬರುವುದು ಹರಾಜಿನಿಂದ. ಕೆಎಸ್‌ಸಿಎಯ ಧಾರವಾಡ ವಲಯದ ಹುಡುಗರಿಗೆ ಹುಬ್ಬಳ್ಳಿ ತಂಡದಲ್ಲಿ ಕೆಲವು ಜಾಗಗಳು ಸಿಗುತ್ತವೆ. ಉಳಿದವರಲ್ಲಿ ಬಹುತೇಕರು ಬೆಂಗಳೂರಿನ ಕ್ಲಬ್‌ಗಳಲ್ಲಿ ಪಳಗಿದವರು. ಹಿಂದೆಯೂ ಈ ಭಾಗದವರಿಗೆ ದಾರಿ ಸಲೀಸಾಗಿರಲಿಲ್ಲ. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಸುನಿಲ್ ಜೋಶಿ ಬೆಳಗಿನ ಜಾವವೇ ಹೊರಟು ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಗದಗಕ್ಕೆ ಹಿಂತಿರುಗುತ್ತಿದ್ದರು. ಹಾಗೆ ಓಡಾಡಿದವರು ಮುಂದೆ ಭಾರತದ ಪರ 15 ಟೆಸ್ಟ್ ಆಡಿದರು. ಮಿಶ್ರಿಕೋಟಿ, ಕಲಘಟಗಿ, ಕುಂದಗೋಳದ ಕಡೆ ಟೆನ್ನಿಸ್ ಬಾಲಿನಲ್ಲಿ ಆಡುವವರಿಗೆ ಲೆದರ್ ಬಾಲಿನ ಲೀಗ್ ಕ್ರಿಕೆಟ್ ಬೇಕೆಂದರೆ ಇಂದಿಗೂ ಹುಬ್ಬಳ್ಳಿ-ಧಾರವಾಡವೇ ಗತಿ.

2019ರ ಟೂರ್ನಿ ಕೆಪಿಎಲ್‌ನ ಅತ್ಯಂತ ಅಬ್ಬರದ್ದು, ಕೊನೆಯದ್ದೂ ಹೌದು. ಆಗಸ್ಟ್ 23ರಂದು ಬಳ್ಳಾರಿ ಟಸ್ಕರ್ಸ್‌ನ ಕೆ. ಗೌತಮ್ ಶಿವಮೊಗ್ಗದ ವಿರುದ್ಧ 56 ಎಸೆತಗಳಲ್ಲಿ ಅಜೇಯ 134 ರನ್ ಚಚ್ಚಿ, ಆಮೇಲೆ 15 ರನ್ ಕೊಟ್ಟು 8 ವಿಕೆಟ್ ಕಿತ್ತರು. ಇನ್ನೆಲ್ಲೂ ಕಾಣಸಿಗದ ಸಾಧನೆ. ಕೆಪಿಎಲ್‌ಗೆ ಅಧಿಕೃತ ಟಿ20 ಮಾನ್ಯತೆ ಇಲ್ಲದ್ದರಿಂದ ದಾಖಲೆ ಪುಸ್ತಕಕ್ಕೆ ಮಾತ್ರ ಏರಲಿಲ್ಲ. ಅದೇ ಬಳ್ಳಾರಿ ಮೈಸೂರಿನಲ್ಲಿ ನಡೆದ ಫೈನಲ್‌ನಲ್ಲಿ ಹುಬ್ಬಳ್ಳಿಗೆ ಎದುರಾಯಿತು. ದಾವಣಗೆರೆಯ ಆರ್. ವಿನಯ್ ಕುಮಾರ್ ನಾಯಕತ್ವದ ಹುಬ್ಬಳ್ಳಿ 152 ರನ್ ಮಾಡಿತು. ಬಳ್ಳಾರಿ 144ಕ್ಕೆ ನಿಂತಿತು.

ಗೆಲುವಿನ ಸಂಭ್ರಮ ಮಾಸುವ ಮೊದಲೇ ಬೆಂಗಳೂರಿನ ಸಿಸಿಬಿ ಪೊಲೀಸರು ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ತನಿಖೆಗೆ ಕೈಹಾಕಿದರು. ತಂಡವೊಂದರ ಮಾಲೀಕರು, ತರಬೇತುದಾರರು, ಆಟಗಾರರು ಒಬ್ಬೊಬ್ಬರಾಗಿ ಬಂಧನಕ್ಕೊಳಗಾದರು. ನವೆಂಬರ್‌ನಲ್ಲಿ ಬಂಧಿತರಾದ ಬಳ್ಳಾರಿಯ ಇಬ್ಬರು ಆಟಗಾರರ ಮೇಲಿದ್ದ ಆರೋಪ ಆ ಫೈನಲ್‌ಗೇ ತಗಲುವಂಥದ್ದು: ಹಣ ಪಡೆದು ನಿಧಾನವಾಗಿ ಬ್ಯಾಟ್ ಮಾಡಿದರು ಎಂಬುದು. 2022ರ ಜನವರಿಯಲ್ಲಿ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಐಪಿಸಿ 420ನೇ ಕಲಮಿನಡಿ ವಂಚನೆ ಎನಿಸದು, ಶಿಸ್ತುಕ್ರಮ ಬಿಸಿಸಿಐಗೆ ಬಿಟ್ಟದ್ದು ಎಂದು ಹೇಳಿ ಕೆಲವರ ಮೇಲಿನ ಪ್ರಕರಣ ರದ್ದುಪಡಿಸಿತು. ಫೈನಲ್‌ನ ಫಲಿತಾಂಶ ಬದಲಾಗಲಿಲ್ಲ. ಹುಬ್ಬಳ್ಳಿಯವರು ತಮ್ಮದಲ್ಲದ ತಪ್ಪಿಗೆ ತಮ್ಮ ಮೊದಲ ಕಪ್ಪಿನ ಬಗ್ಗೆ ಅಡ್ಡಮಾತು ಕೇಳಬೇಕಾಯಿತು ಎಂಬುದೇ ಇದರಲ್ಲಿ ಹೆಚ್ಚು ಬೇಸರದ ಸಂಗತಿ.

ಕೆಪಿಎಲ್ ಮತ್ತೆ ನಡೆಯಲಿಲ್ಲ. 2022ರ ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಲೀಗ್ ಮರಳಿತು. ಮೊದಲ ವರ್ಷ ತಂಡಗಳ ಹಿಡಿತವನ್ನು ಸಂಸ್ಥೆ ತನ್ನ ಬಳಿಯೇ ಇರಿಸಿಕೊಂಡಿತು. ಹರಾಜು ಮರಳಿದ್ದು 2023ರಲ್ಲಿ. ಮೊದಲ ಫೈನಲ್‌ನಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ 11 ರನ್‌ಗಳಿಂದ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು ಸೋಲಿಸಿತು. ಗುಲ್ಬರ್ಗದ ನಾಯಕ ಮನೀಷ್ ಪಾಂಡೆ ಮರುವರ್ಷ ಹುಬ್ಬಳ್ಳಿಗೆ ಬಂದು ಅಲ್ಲಿಗೂ ಕಪ್ ಗೆದ್ದುಕೊಟ್ಟರು. 2023ರ ಆಗಸ್ಟ್ 29ರ ಆ ಫೈನಲ್‌ನಲ್ಲಿ ಹುಬ್ಬಳ್ಳಿ 203, ಮೈಸೂರು 195. ನಾಲ್ಕು ವರ್ಷದ ಹಿಂದಿನ ಗೆಲುವಿನ ಅಂತರವೂ ಎಂಟೇ ರನ್ ಆಗಿತ್ತು.

ಟ್ರೋಫಿಯ ಹೆಸರು ರಾಜ್ಯದ ಗಡಿ ದಾಟಿ ಸುದ್ದಿಯಾದದ್ದು ಒಂದು ಲೀಗ್ ಪಂದ್ಯದಿಂದ. 2024ರ ಆಗಸ್ಟ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹುಬ್ಬಳ್ಳಿಯೂ ಬೆಂಗಳೂರೂ 164ರಲ್ಲಿ ಸಮವಾದವು. ಸೂಪರ್ ಓವರ್‌ನಲ್ಲಿ ಇಬ್ಬರದೂ 10. ಎರಡನೆಯದರಲ್ಲಿ ಇಬ್ಬರದೂ 8. ಮೂರನೆಯದರಲ್ಲಿ ಬೆಂಗಳೂರು 12 ಹೊಡೆಯಿತು; ಹುಬ್ಬಳ್ಳಿ ಕೊನೆಯ ಎಸೆತವನ್ನು ಬೌಂಡರಿಗಟ್ಟಿ 13 ಮಾಡಿ ಗೆದ್ದಿತು. ಅಂತರರಾಷ್ಟ್ರೀಯ ಕ್ರಿಕೆಟ್ ಇಂಥದ್ದನ್ನು ನೋಡಿದ್ದು 2025ರ ಜೂನ್‌ನಲ್ಲಿ, ಗ್ಲಾಸ್ಗೊದ ನೆದರ್ಲೆಂಡ್ಸ್-ನೇಪಾಳ ಪಂದ್ಯದಲ್ಲಿ. 2024ರ ಕಪ್ ಮಾತ್ರ ಕರುಣ್ ನಾಯರ್ ನಾಯಕತ್ವದ ಮೈಸೂರಿಗೆ ಹೋಯಿತು. ಟೂರ್ನಿಯಲ್ಲಿ 560 ರನ್ ಗಳಿಸಿದ ಕರುಣ್ ಮುಂದಿನ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಟೆಸ್ಟ್ ಆಡಿದರು.

ಕೆಪಿಎಲ್ ಕಾಲದಲ್ಲಿ ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ಪಂದ್ಯಗಳು ನಡೆಯುತ್ತಿದ್ದವು. 2017ರ ಫೈನಲ್ ನಡೆದದ್ದೂ ಇಲ್ಲೇ. ಮಹಾರಾಜ ಟ್ರೋಫಿಯಾದ ಮೇಲೆ 2025ರವರೆಗೂ ಅದು ಬೆಂಗಳೂರು, ಮೈಸೂರು ಬಿಟ್ಟು ಈಚೆ ಬಂದಿಲ್ಲ. 2025ರಲ್ಲಿ ಚಿನ್ನಸ್ವಾಮಿ ಬಳಿ ಜೂನ್ 4ರಂದು ನಡೆದ ಕಾಲ್ತುಳಿತದ ಪರಿಣಾಮವಾಗಿ ಬೆಂಗಳೂರು ಕೈತಪ್ಪಿದಾಗಲೂ ಟೂರ್ನಿ ಹೋದದ್ದು ಮೈಸೂರಿಗೆ. ತಮ್ಮೂರಿನ ತಂಡವನ್ನು ಟಿ.ವಿ.ಯಲ್ಲೇ ನೋಡುವ ಅಭ್ಯಾಸ ಈ ಭಾಗದ ಅಭಿಮಾನಿಗಳಿಗೆ ಆಗಿಹೋಗಿದೆ.

ಆ ಸಲದ ಹರಾಜಿನಲ್ಲಿ 13.20 ಲಕ್ಷಕ್ಕೆ ದೇವದತ್ತ ಪಡಿಕ್ಕಲ್ ಅವರನ್ನು ಕೊಂಡ ಹುಬ್ಬಳ್ಳಿ ಮತ್ತೆ ಫೈನಲ್ ತಲುಪಿ, 154 ರನ್ ಮಾಡಿತು. ಮಂಗಳೂರು ಡ್ರ್ಯಾಗನ್ಸ್ ಬ್ಯಾಟಿಂಗ್ ನಡುವೆ ಮಳೆ ಸುರಿಯಿತು. ಕೇರಳದ ಎಂಜಿನಿಯರ್ ವಿ. ಜಯದೇವನ್ ರೂಪಿಸಿದ ವಿಜೆಡಿ ಲೆಕ್ಕದಲ್ಲಿ ಮಂಗಳೂರು 14 ರನ್ ಮುಂದಿತ್ತು. ಕರಾವಳಿಗೆ ಈ ಟ್ರೋಫಿ ಸಿಕ್ಕಿದ್ದು ಅದೇ ಮೊದಲು.