ಸ್ಕಾಟ್ಲೆಂಡಿನ ಸಾರ್ವಜನಿಕ ಬದುಕಿನಲ್ಲಿ 1934

ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ, ಆರ್ಥಿಕ ಕುಸಿತದ ಅತ್ಯಂತ ಕಠಿಣ ದಿನಗಳನ್ನು ಕಳೆದು ಸ್ಕಾಟ್ಲೆಂಡ್ ನಿಧಾನವಾಗಿ ಚೇತರಿಸಿಕೊಳ್ಳತೊಡಗಿದ ವರ್ಷ 1934. ಆ ವರ್ಷದ ಮುಖ್ಯ ಘಟನೆಗಳಲ್ಲಿ ನಿರುದ್ಯೋಗಿಗಳ ಲಂಡನ್ ನಡಿಗೆ, ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ಸ್ಥಾಪನೆ, ಕ್ಲೈಡ್ ನದಿಯಲ್ಲಿ 'ಕ್ವೀನ್ ಮೇರಿ' ಹಡಗನ್ನು ನೀರಿಗಿಳಿಸಿದ್ದು ಮತ್ತು ಸ್ಕಾಟಿಷ್ ಸಾಹಿತ್ಯದ ಹೊಸ ಹುಟ್ಟಿಗೆ ಸೇರಿದ ಕೆಲವು ಮುಖ್ಯ ಕೃತಿಗಳ ಪ್ರಕಟಣೆ ಸೇರಿವೆ. ಸ್ಕಾಟ್ಲೆಂಡಿನ ಜನ ದುಡಿದು ಉಣ್ಣಬೇಕಾದ ಅನ್ನದ ತೀರ್ಮಾನ ಎಲ್ಲಿ ಆಗಬೇಕು, ಯಾರಿಂದ ಆಗಬೇಕು ಎಂಬ ಒಂದೇ ಪ್ರಶ್ನೆ, ಮೇಲುನೋಟಕ್ಕೆ ಬೇರೆಬೇರೆಯಾಗಿ ಕಾಣುವ ಈ ಘಟನೆಗಳ ಹಿಂದೆಲ್ಲ ಇದೆ.

1707ರಲ್ಲಿ ಇಂಗ್ಲೆಂಡಿನ ಸಂಸತ್ತಿನೊಂದಿಗೆ ಒಂದಾದ ಮೇಲೆ ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಉಳಿದಿರಲಿಲ್ಲ. ಕಾನೂನು, ಶಿಕ್ಷಣ ಮತ್ತು ಚರ್ಚಿನ ವ್ಯವಸ್ಥೆ ಮಾತ್ರ ಪ್ರತ್ಯೇಕವಾಗಿ ಮುಂದುವರಿದಿದ್ದವು. ಹಡಗು ಕಟ್ಟುವುದು, ಕಲ್ಲಿದ್ದಲು, ಉಕ್ಕು, ಸೆಣಬು ಮುಂತಾದ ಭಾರಿ ಉದ್ಯಮಗಳ ಮೇಲೆ ನಿಂತಿದ್ದ ಆರ್ಥಿಕತೆಯು ವಿದೇಶಿ ಬೇಡಿಕೆ ಬತ್ತಿದೊಡನೆ ಕುಸಿಯಿತು. ಸೆಣಬಿನ ಪಟ್ಟಣವಾದ ಡಂಡಿ, ಕಲ್ಕತ್ತೆಯ ಗಿರಣಿಗಳ ಪೈಪೋಟಿಯನ್ನೂ ತಾಳಿಕೊಳ್ಳಬೇಕಾಗಿತ್ತು. 1931ರಲ್ಲಿ ಜಾರಿಗೆ ಬಂದ 'ಮೀನ್ಸ್ ಟೆಸ್ಟ್', ಅಂದರೆ ಭತ್ಯೆ ಕೊಡುವ ಮೊದಲು ಮನೆಮಂದಿಯೆಲ್ಲರ ಗಳಿಕೆ ಮತ್ತು ಉಳಿತಾಯವನ್ನು ಅಧಿಕಾರಿಗಳು ತಪಾಸಣೆ ಮಾಡುವ ಪದ್ಧತಿ, ಕೆಲಸ ಕಳೆದುಕೊಂಡವರಿಗೆ ಬಡತನಕ್ಕಿಂತಲೂ ಹೆಚ್ಚಾಗಿ ಅವಮಾನವಾಗಿ ಕಾಡಿತು. ಮಗಳ ಪುಟ್ಟ ಸಂಬಳವೂ ತಂದೆಯ ಭತ್ಯೆಯಿಂದ ಕಡಿತವಾಗುತ್ತಿದ್ದುದರಿಂದ ಎಷ್ಟೋ ಸಂಸಾರಗಳಲ್ಲಿ ಬೆಳೆದ ಮಕ್ಕಳು ಮನೆ ಬಿಟ್ಟು ಬೇರೆ ಇರಬೇಕಾಯಿತು. ಇಂಥ ಹಿನ್ನೆಲೆಯಲ್ಲಿ ಜನವರಿಯಲ್ಲಿ ಹ್ಯಾರಿ ಮೆಕ್‌ಶೇನ್ ಅವರ ಮುಂದಾಳತ್ವದಲ್ಲಿ ಸ್ಕಾಟ್ಲೆಂಡಿನ ನಿರುದ್ಯೋಗಿಗಳು ಗ್ಲಾಸ್ಗೋದಿಂದ ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಹೊರಟು, ಚಳಿಗಾಲದ ದಾರಿಯನ್ನು ಸವೆಸಿ, ಫೆಬ್ರವರಿಯ ಕೊನೆಯಲ್ಲಿ ಹೈಡ್ ಪಾರ್ಕ್ ತಲುಪಿದರು. ಸರ್ಕಾರವು ಆಗ ಸಂಸತ್ತಿನ ಮುಂದಿಟ್ಟಿದ್ದ ನಿರುದ್ಯೋಗ ಮಸೂದೆಯನ್ನು ವಿರೋಧಿಸುವುದು ಅವರ ಉದ್ದೇಶವಾಗಿತ್ತು.

ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ, ನಾಲ್ಕು ದಿನಗಳ ಅಂತರದಲ್ಲಿ, ಎರಡು ಘಟನೆಗಳು ನಡೆದವು. ಮೊದಲನೆಯದು ಕ್ಲೈಡ್‌ಬ್ಯಾಂಕ್ ಪಟ್ಟಣದ ಜಾನ್ ಬ್ರೌನ್ ಹಡಗುಕಟ್ಟೆಯದು. ಕ್ಯುನಾರ್ಡ್ ಕಂಪನಿಗಾಗಿ 1930ರ ಡಿಸೆಂಬರಿನಲ್ಲಿ ಕಟ್ಟಲು ತೊಡಗಿದ್ದ, 1,000 ಅಡಿಗಳಿಗಿಂತ ಉದ್ದದ ಪ್ರಯಾಣಿಕ ಹಡಗಿನ ಕೆಲಸ, ಹಣದ ಮುಗ್ಗಟ್ಟಿನಿಂದ 1931ರ ಡಿಸೆಂಬರಿನಲ್ಲಿ ನಿಂತುಹೋಗಿ ಸಾವಿರಾರು ಮಂದಿ ಬೀದಿಗೆ ಬಿದ್ದಿದ್ದರು. ಹೆಸರಿಲ್ಲದೆ ಕೇವಲ '534' ಎಂಬ ಸಂಖ್ಯೆಯಿಂದ ಗುರುತಿಸಲ್ಪಡುತ್ತಿದ್ದ ಆ ಉಕ್ಕಿನ ಒಡಲು ಎರಡು ವರ್ಷಕ್ಕೂ ಹೆಚ್ಚು ಕಾಲ ಊರಿನ ಮನೆಗಳ ಮೇಲೆ ಎತ್ತರಕ್ಕೆ ನಿಂತು, ತುಕ್ಕು ಹಿಡಿದು, ಹಕ್ಕಿಗಳಿಗೆ ಗೂಡು ಕಟ್ಟುವ ತಾಣವಾಗಿತ್ತು. ಬೆಳಿಗ್ಗೆ ಕದ ತೆರೆದರೆ ಎದುರಿಗೆ ಕಾಣುತ್ತಿದ್ದ ಆ ಅರೆಬರೆ ಹಡಗು ಕ್ಲೈಡ್‌ಬ್ಯಾಂಕಿನವರಿಗೆ ತಮ್ಮ ಸ್ಥಿತಿಯ ಪ್ರತಿರೂಪವೇ ಆಗಿತ್ತು. ಆ ಭಾಗದ ಸಂಸತ್ ಸದಸ್ಯ, ಸ್ವತಃ ಇಂಜಿನಿಯರಿಂಗ್ ಕಾರ್ಮಿಕರಾಗಿದ್ದ ಡೇವಿಡ್ ಕರ್ಕ್‌ವುಡ್ ಅವರು ಈ ಹಡಗಿಗಾಗಿ ಬಿಡದೆ ವಾದಿಸಿದರು. ಕೊನೆಗೆ ಸರ್ಕಾರವು ಕ್ಯುನಾರ್ಡ್ ಕಂಪನಿ ಅದರ ಎದುರಾಳಿ ವೈಟ್ ಸ್ಟಾರ್ ಕಂಪನಿಯೊಡನೆ ಒಂದಾಗಬೇಕೆಂಬ ಷರತ್ತಿನ ಮೇಲೆ, ಎರಡನೆಯ ಹಡಗೊಂದಕ್ಕೂ ಸೇರಿಸಿ, 95 ಲಕ್ಷ ಪೌಂಡ್‌ಗಳ ಸಾಲವನ್ನು ಒಪ್ಪಿತು. ಏಪ್ರಿಲ್ 3ರಂದು ಬ್ಯಾಗ್‌ಪೈಪ್ ವಾದ್ಯದ ಮೇಳವನ್ನು ಮುಂದಿಟ್ಟುಕೊಂಡು ಕೆಲಸಗಾರರು ಕಟ್ಟೆಯೊಳಕ್ಕೆ ನಡೆದರು. ಅವರ ಮೊದಲ ಕೆಲಸ ಹಕ್ಕಿಗೂಡುಗಳನ್ನು ತೆಗೆಯುವುದು ಮತ್ತು ತುಕ್ಕನ್ನು ಕೆರೆದು ಹಾಕುವುದು. ಹೀಗೆ ಕೆರೆದ ತುಕ್ಕೇ 100 ಟನ್ನುಗಳನ್ನು ಮೀರಿತ್ತು.

ಎರಡನೆಯದು ರಾಜಕೀಯದ್ದು. 1928ರಲ್ಲಿ ಸ್ಥಾಪನೆಯಾಗಿದ್ದ ನ್ಯಾಷನಲ್ ಪಾರ್ಟಿ ಆಫ್ ಸ್ಕಾಟ್ಲೆಂಡ್ ಮತ್ತು ಸಾಮ್ರಾಜ್ಯದ ಚೌಕಟ್ಟಿನೊಳಗೆ ಸ್ವಯಮಾಡಳಿತ ಬಯಸುತ್ತಿದ್ದ, 1932ರ ಸ್ಕಾಟಿಷ್ ಪಾರ್ಟಿ ಏಪ್ರಿಲ್ 7ರಂದು ಒಂದುಗೂಡಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯಾದವು. ಈ ಕೂಡಿಕೆಗಾಗಿ ಹೆಚ್ಚು ದುಡಿದವರು ಗ್ಲಾಸ್ಗೋದ ವಕೀಲ ಜಾನ್ ಮೆಕಾರ್ಮಿಕ್. ಸೌಮ್ಯವಾದಿಗಳ ವಿಶ್ವಾಸ ಗಳಿಸುವುದಕ್ಕಾಗಿ ತೀವ್ರ ನಿಲುವಿನವರನ್ನು ಅವರು ಮೊದಲೇ ಪಕ್ಕಕ್ಕೆ ಸರಿಸಿದ್ದರು; ಕಮ್ಯುನಿಸಂ ಕಡೆಗೆ ವಾಲಿದ್ದ ಕವಿ ಹ್ಯೂ ಮೆಕ್‌ಡೈರ್ಮಿಡ್ ಅವರೂ ಹಳೆಯ ಪಕ್ಷದಿಂದ ಹೊರಬಿದ್ದಿದ್ದರು. ಚಳವಳಿಗೆ ಉಸಿರು ಕೊಟ್ಟ ಕವಿಯನ್ನೇ ಹೊರಗಿಟ್ಟು ಕಟ್ಟಿದ ಪಕ್ಷ ಲೆಕ್ಕಾಚಾರದ ಪಕ್ಷವಾಯಿತೇ ಹೊರತು ಬಹುಕಾಲ ಜನರ ಪಕ್ಷವಾಗಲಿಲ್ಲವೆಂದೇ ಹೇಳಬೇಕಾಗುತ್ತದೆ. 1935ರ ಸಾರ್ವತ್ರಿಕ ಚುನಾವಣೆಯಲ್ಲಿ ಅದಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಸಂಸತ್ತಿಗೆ ಅದರ ಮೊದಲ ಸದಸ್ಯ ಆಯ್ಕೆಯಾದದ್ದು 1945ರಲ್ಲಿ, ಮದರ್‌ವೆಲ್ ಕ್ಷೇತ್ರದ ಉಪಚುನಾವಣೆಯಲ್ಲಿ.

ಅದೇ ತಿಂಗಳ 21ರಂದು ಲಂಡನ್ನಿನ 'ಡೇಲಿ ಮೇಲ್' ಪತ್ರಿಕೆ ಲಾಖ್ ನೆಸ್ ಸರೋವರದ ನೀರಿನಿಂದ ಉದ್ದ ಕತ್ತೆತ್ತಿದ ಪ್ರಾಣಿಯೊಂದರದೆನ್ನಲಾದ ಚಿತ್ರವನ್ನು ಅಚ್ಚುಹಾಕಿತು. ಆ ಚಿತ್ರ ಕೃತಕವೆಂಬುದು 1990ರ ದಶಕದಲ್ಲಷ್ಟೇ ಬಯಲಾಯಿತು. ಚಿತ್ರ ಪ್ರಕಟವಾದ ದಿನವೇ ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ರೇಂಜರ್ಸ್ ತಂಡವು ಸೇಂಟ್ ಮಿರನ್ ತಂಡವನ್ನು 5–0 ಗೋಲುಗಳಿಂದ ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು.

ಸೆಪ್ಟೆಂಬರ್ 26ರಂದು ಸುರಿಯುವ ಮಳೆಯಲ್ಲಿ, ಐದನೆಯ ಜಾರ್ಜ್ ದೊರೆಯ ಸಮ್ಮುಖದಲ್ಲಿ, ರಾಣಿ ಮೇರಿ ಅವರು 534ಕ್ಕೆ ತಮ್ಮದೇ ಹೆಸರನ್ನಿಟ್ಟು ಅದನ್ನು ನೀರಿಗಿಳಿಸಿದರು. ಅಷ್ಟು ಉದ್ದದ ಹಡಗು ಎದುರು ದಡಕ್ಕೆ ಬಡಿಯದಂತೆ ಕಟ್ಟೆಯ ಎದುರಿನಲ್ಲೇ ಕಾರ್ಟ್ ಎಂಬ ಉಪನದಿ ಕ್ಲೈಡನ್ನು ಸೇರುವ ಬಾಯಿಯ ಕಡೆಗೆ ಅದನ್ನು ಓರೆಯಾಗಿ ಜಾರಿಸಲಾಯಿತು. ವೇಗವನ್ನು ಹಿಡಿದು ನಿಲ್ಲಿಸಲು ಅದಕ್ಕೆ ಭಾರವಾದ ಕಬ್ಬಿಣದ ಸರಪಳಿಗಳ ಕಂತೆಗಳನ್ನು ಕಟ್ಟಲಾಗಿತ್ತು. ಆದರೆ ಒಂದು ಹಡಗಿನಿಂದ ಒಂದು ನಾಡಿನ ನಿರುದ್ಯೋಗ ತೀರುವಂತಿರಲಿಲ್ಲ. ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ 'ವಿಶೇಷ ಪ್ರದೇಶಗಳ' ಕಾಯಿದೆಯು ಬ್ರಿಟನ್ನಿನ ಅತಿ ಹೆಚ್ಚು ಸಂಕಟಕ್ಕೊಳಗಾದ ಕೈಗಾರಿಕಾ ಪ್ರದೇಶಗಳಿಗಾಗಿ ಒಟ್ಟು 20 ಲಕ್ಷ ಪೌಂಡ್‌ಗಳನ್ನು ತೆಗೆದಿರಿಸಿ, ಸ್ಕಾಟ್ಲೆಂಡಿಗೆ ಸರ್ ಆರ್ಥರ್ ರೋಸ್ ಅವರನ್ನು ಆಯುಕ್ತರನ್ನಾಗಿ ಮಾಡಿತು. ಕ್ಲೈಡ್ ತೀರದ ಊರುಗಳು ಅದರ ವ್ಯಾಪ್ತಿಗೆ ಬಂದವು, ಆದರೆ ಅವುಗಳ ನಡುವೆಯೇ ಇದ್ದ ಗ್ಲಾಸ್ಗೋ ನಗರ ಬರಲಿಲ್ಲ.

ಸಾಹಿತ್ಯದಲ್ಲಿ ಈ ವರ್ಷ ಅಸಾಮಾನ್ಯವಾಗಿ ಸಮೃದ್ಧವಾಗಿತ್ತು. ಶೆಟ್‌ಲೆಂಡಿನ ವಾಲ್ಸಿ ದ್ವೀಪದಲ್ಲಿ ಬಡತನದಲ್ಲಿ ನೆಲೆಸಿದ್ದ ಮೆಕ್‌ಡೈರ್ಮಿಡ್ ಅವರ 'ಸ್ಟೋನಿ ಲಿಮಿಟ್ಸ್' ಸಂಕಲನ, ಹೈಲ್ಯಾಂಡ್ ಪ್ರದೇಶದಲ್ಲಿ ಕುರಿ ಸಾಕಣೆಗಾಗಿ ರೈತರನ್ನು ಒಕ್ಕಲೆಬ್ಬಿಸಿದ ಕಥೆಯನ್ನು ಹೇಳುವ ನೀಲ್ ಗನ್ ಅವರ 'ಬುಚರ್ಸ್ ಬ್ರೂಮ್' ಕಾದಂಬರಿ ಇದೇ ವರ್ಷ ಬಂದವು. ಕವಿ ಎಡ್ವಿನ್ ಮ್ಯೂರ್ ಅವರು ಹಳೆಯ ಕಾರೊಂದರಲ್ಲಿ ನಾಡನ್ನು ಸುತ್ತಿ ಕಂಡದ್ದನ್ನು ಮರುವರ್ಷ 'ಸ್ಕಾಟಿಷ್ ಜರ್ನಿ'ಯಾಗಿ ಪ್ರಕಟಿಸಿದರು. ಇವೆಲ್ಲಕ್ಕಿಂತ ಮಿಗಿಲಾದದ್ದು 'ಗ್ರೇ ಗ್ರಾನಿಟ್', ಅಂದರೆ ಬೂದುಬಣ್ಣದ ಬೆಣಚುಗಲ್ಲು. ಲೂಯಿಸ್ ಗ್ರಾಸಿಕ್ ಗಿಬ್ಬನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜೇಮ್ಸ್ ಲೆಸ್ಲಿ ಮಿಚೆಲ್ ಅವರ ಈ ಕಾದಂಬರಿಯು 1932ರ 'ಸನ್‌ಸೆಟ್ ಸಾಂಗ್' ಮತ್ತು 1933ರ 'ಕ್ಲೌಡ್ ಹೌ'ಗಳೊಂದಿಗೆ ಸೇರಿ ಒಂದು ಮಹಾಕಥನವಾಗುತ್ತದೆ. ರೈತನ ಮಗಳು ಕ್ರಿಸ್ ಗತ್ರಿ ಹಳ್ಳಿಯಿಂದ ಸಣ್ಣ ಪೇಟೆಗೆ, ಅಲ್ಲಿಂದ ಕೈಗಾರಿಕಾ ನಗರಕ್ಕೆ ಸರಿಯುತ್ತ ಹೋಗುತ್ತಾಳೆ. ಉಕ್ಕಿನ ಕಾರ್ಖಾನೆ ಸೇರಿ ಕಮ್ಯುನಿಸ್ಟನಾಗುವ ಅವಳ ಮಗ ಯೂಅನ್ ಕೊನೆಗೆ ನಿರುದ್ಯೋಗಿಗಳ ಲಂಡನ್ ನಡಿಗೆಯೊಂದಿಗೆ ಹೊರಟರೆ, ತಾಯಿ ತಾನು ಹುಟ್ಟಿದ ನೆಲಕ್ಕೆ ಮರಳುತ್ತಾಳೆ. ಗಿಬ್ಬನ್ ಅವರು ಇಂಗ್ಲಿಷ್ ವಾಕ್ಯದ ಒಡಲಿನಲ್ಲಿ ಸ್ಕಾಟ್ಸ್ ನುಡಿಯ, ಅಂದರೆ ಇಂಗ್ಲಿಷಿನ ಸೋದರ ಭಾಷೆಯಾಗಿ ತಗ್ಗುನಾಡಿನಲ್ಲಿ ಬೆಳೆದ ಆಡುಮಾತಿನ, ಲಯವನ್ನು ತುಂಬಿದರು. ಊರಿನ ಜನ ಜಗಲಿಯ ಮೇಲೆ ಕುಳಿತು ಮಾತನಾಡಿಕೊಂಡಂತೆ ಅವರ ಕಥನ ಸಾಗುತ್ತದೆ. ಕೀಳೆಂದು ಶಾಲೆಗಳಲ್ಲಿ ತಿದ್ದಿಸಿಕೊಳ್ಳುತ್ತಿದ್ದ ಮಾತಿಗೆ ಗದ್ಯದಲ್ಲಿ ಇಂಥ ಘನತೆ ದೊರಕಿಸಿದ್ದು ಈ ವರ್ಷದ ಅತಿ ದೊಡ್ಡ ಸಾಧನೆ. ಇದೇ ವರ್ಷ ಮೆಕ್‌ಡೈರ್ಮಿಡ್ ಅವರೊಡನೆ ಸೇರಿ ಹೊರತಂದ 'ಸ್ಕಾಟಿಷ್ ಸೀನ್' ಸಂಕಲನದ ಪ್ರಬಂಧವೊಂದರಲ್ಲಿ ಅವರು, ಗ್ಲಾಸ್ಗೋದ ಕೊಳೆಗೇರಿಗಳಲ್ಲಿ ಬದುಕುವವರ ಸಂಕಟದ ಮುಂದೆ ರಾಷ್ಟ್ರೀಯತೆಯ ಮಾತುಗಳು ಅಲ್ಪವೆಂದು ನೇರವಾಗಿ ವಾದಿಸಿದರು.

ಗಿಬ್ಬನ್ ಅವರು ಆ ಹೊತ್ತಿಗೆ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ನೆಲೆಸಿ, ಒಂದೇ ವರ್ಷದಲ್ಲಿ ಹಲವು ಪುಸ್ತಕಗಳನ್ನು ಬರೆದು ದಣಿದಿದ್ದರು. 1935ರ ಫೆಬ್ರವರಿ 7ರಂದು, 34ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ ಅವರು ತೀರಿಕೊಂಡರು. ಅವರ ಚಿತಾಭಸ್ಮವನ್ನು ಅವರು ಬೆಳೆದ ಆರ್ಬತ್‌ನಾಟ್ ಊರಿನ ಚರ್ಚಿನ ಅಂಗಳದ ಮಣ್ಣಿಗೆ ಸೇರಿಸಲಾಯಿತು.