ಬಾಸೆಲ್ ಮಿಶನ್ನೂ ಜೀವನೋಪಾಯದ ಪ್ರಶ್ನೆಯೂ

ಮದರಾಸಿನಿಂದ ಆಳಲ್ಪಟ್ಟ ಕನ್ನಡ ಸೀಮೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. 1956ರವರೆಗೆ ಅದು ಆ ಆಧಿಪತ್ಯಕ್ಕೂ ಅನಂತರದ ರಾಜ್ಯಕ್ಕೂ ಸೇರಿತ್ತು. ಆ ಜಿಲ್ಲೆಯ ಆಧುನಿಕ ಕೈಗಾರಿಕೆಗೆ ಮೂಲವಾದ ಕಾರಣಗಳಲ್ಲಿ ಹೊಸ ಕ್ರೈಸ್ತರ ಬಡತನವು ಮುಖ್ಯವಾದುದು.

1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಅವರ ಬೋಧೆಯನ್ನು ಒಪ್ಪಿದವರಲ್ಲಿ ಬಿಲ್ಲವರ ಸಂಖ್ಯೆ ಹೆಚ್ಚಾಗಿತ್ತು. ಮತಾಂತರದಿಂದ ಅನೇಕರಿಗೆ ಕುಟುಂಬದ ಆಸರೆ ತಪ್ಪಿತು. ಕಳ್ಳು ಇಳಿಸುವ ಕುಲವೃತ್ತಿಯನ್ನು ಮಿಶನ್ನು ಸಮ್ಮತಿಸಲಿಲ್ಲ. ಹೀಗೆ ಹೊಸ ನಂಬಿಕೆಯೇ ಹೊಸ ನಿರ್ಗತಿಕತನವನ್ನೂ ತಂದಿತು. ದಾನವನ್ನೇ ನೆಚ್ಚಿದ ಸಭೆ ಬಾಳಲಾರದೆಂದರಿತ ಮಿಶನ್ನು ದುಡಿಮೆಯ ದಾರಿಯನ್ನು ಹುಡುಕಿತು.

1841ರಲ್ಲಿ ಮುದ್ರಣಾಲಯ ಆರಂಭವಾಯಿತು. 1851ರಲ್ಲಿ ಬಂದ ಹಾಲರ್ ನೇಯ್ಗೆಯನ್ನು ಬೆಳೆಸಿದನು. ಖಾಕಿ ಬಣ್ಣದ ಬಟ್ಟೆಗೆ ಅವನ ಮಗ್ಗಗಳು ಹೆಸರಾದವು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ನೇತ್ರಾವತಿಯ ಜೇಡಿಮಣ್ಣು ಹಂಚಾಗಿ ದೂರದೂರದ ಊರುಗಳ ಮಾಡುಗಳನ್ನೇರಿತು.

ಆದರೆ ಈ ಏರ್ಪಾಟಿಗೊಂದು ಮಿತಿಯಿತ್ತು. ಕೆಲಸಗಾರನಿಗೆ ಕೂಲಿ ದೊರೆಯಿತು, ಒಡೆತನ ದೊರೆಯಲಿಲ್ಲ. ಅನ್ನ ನೀಡುವ ಧಣಿಯೂ ಧರ್ಮ ಬೋಧಿಸುವ ಗುರುವೂ ಒಂದೇ ಸಂಸ್ಥೆಯಾದುದರಿಂದ ಅವನ ಸ್ವಾತಂತ್ರ್ಯ ಕುಗ್ಗಿತು. 1914ರ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಬಂಧಿತರಾದರು. ಯುದ್ಧಾನಂತರ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಕಾರ್ಖಾನೆ ಕೈಬದಲಾದಾಗ ಅದರಲ್ಲಿ ದುಡಿದವರ ಅಭಿಪ್ರಾಯಕ್ಕೆ ಎಡೆಯಿರಲಿಲ್ಲ.

ಉಳಿದುದು ಕಲಿತ ಕಸಬು. ಸ್ಥಳೀಯರು ಸ್ವಂತ ಹಂಚಿನ ಕಾರ್ಖಾನೆಗಳನ್ನು ತೆರೆದಾಗ ಈ ಕಸಬೇ ಅವರಿಗೆ ಬಂಡವಾಳವಾಯಿತು. ಮಿಶನ್ನಿನ ಕಾಣಿಕೆಯನ್ನು ಅಳೆಯುವವರು ಮತಾಂತರಿತರ ಸಂಖ್ಯೆಯೊಡನೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.