ಬುಶ್ ಚಿಕ್ಕದು, ಬವಣೆ ದೊಡ್ಡದು

ಎಂಜಿನ್ ಕೆಟ್ಟು ನಿಂತರೆ ಕಾರಿನ ಮಾಲೀಕ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಅದೇ ಕಾರಿನ ಗಾಜು ಏರಿಸುವ ಹಿಡಿಕೆ ಕೈಗೇ ಕಿತ್ತು ಬಂದರೆ ಅವನಿಗೆ ಬರುವುದು ದುಃಖವಲ್ಲ, ಸಿಟ್ಟು. ದೊಡ್ಡ ಕೇಡನ್ನು ಹಣೆಬರಹ ಎನ್ನಬಹುದು. ಸಣ್ಣ ಭಾಗ ಕೆಟ್ಟಾಗ ಮಾತ್ರ, ಯಾರೋ ಎಲ್ಲೋ ಸರಿಯಾಗಿ ಯೋಚಿಸಿಲ್ಲ ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ನಮ್ಮ ದೇಶದಲ್ಲಿ ಈ ಸಿಟ್ಟಿಗೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಆ ಸಿಟ್ಟನ್ನು ಶಮನ ಮಾಡುವ ಕಸಬು ಬೆಳೆದ ಊರುಗಳಲ್ಲಿ ಬೆಳಗಾವಿಯೂ ಒಂದು. ನಗರದಿಂದ ಖಾನಾಪುರದ ಹಾದಿ ಹಿಡಿದರೆ ಅನಗೋಳದ ಆಸುಪಾಸಿನಲ್ಲೇ ಉದ್ಯಮಬಾಗ ಸಿಗುತ್ತದೆ. ಬೆಮ್ಕೊ ಹೈಡ್ರಾಲಿಕ್ಸ್ 1957ರಲ್ಲಿ ಆರಂಭವಾದದ್ದು ಈ ಊರಿನಲ್ಲಿ. ಬೆಳಗಾವಿಯ ಫೌಂಡ್ರಿಗಳ ಎರಕ, ಕ್ರ್ಯಾಂಕ್‌ಶಾಫ್ಟ್‌ಗಳು ದೇಶದ ಕೈಗಾರಿಕಾ ವಲಯದಲ್ಲಿ ಹೆಸರು ಮಾಡಿವೆ. ಅವುಗಳ ನೆರಳಿನಲ್ಲಿ ಒಂದು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ ಇಟ್ಟುಕೊಂಡ ಚಿಕ್ಕ ವರ್ಕ್‌ಶಾಪುಗಳೂ ಬೆಳೆದವು. ಇಂಥ ಕಡೆ ಬಿಡಿಭಾಗದ ಅಳತೆ ಕಂಪನಿಯ ನಕ್ಷೆಯಿಂದ ಬರುವುದಿಲ್ಲ. ಸವೆದ ಭಾಗವನ್ನೇ ವರ್ನಿಯರ್ ಕ್ಯಾಲಿಪರ್‌ಗೆ ಹಿಡಿದು, ಸವೆದದ್ದೆಷ್ಟೆಂದು ಅಂದಾಜಿನಲ್ಲಿ ಕೂಡಿಸಿ, ಟರ್ನರ್ ಹೊಸದನ್ನು ಕಡೆಯುತ್ತಾನೆ.

ಉದಾಹರಣೆಗೆ ಅಂಬಾಸಡರ್ ಕಾರಿನ ಗೇರನ್ನೇ ನೋಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಹಿಂದುಸ್ತಾನ್ ಮೋಟರ್ಸ್ ಹೊರತಂದ ಈ ಕಾರಿನಲ್ಲಿ ಗೇರ್ ಕೋಲು ಸ್ಟಿಯರಿಂಗ್ ಕಂಬಕ್ಕೆ ಅಂಟಿಕೊಂಡಿತ್ತು. ಗೇರ್‌ಬಾಕ್ಸ್ ಇರುವುದು ಕೆಳಗೆ, ಎಂಜಿನ್ನಿನ ಹಿಂದೆ. ಎರಡರ ನಡುವೆ ಸರಳುಗಳು, ಸರಳುಗಳ ಗಂಟುಗಂಟಿಗೂ ಬುಶ್‌ಗಳು. ಒಂದೊಂದು ಬುಶ್‌ನಲ್ಲಿ ಕೂದಲೆಳೆಯಷ್ಟು ಸಡಿಲವಾದರೆ ಯಾರಿಗೂ ತಿಳಿಯದು. ಎಲ್ಲ ಗಂಟುಗಳ ಸಡಿಲು ಕೂಡಿ ಕೋಲಿನ ತುದಿಗೆ ಬರುವಾಗ ಅದು ಬೆರಳುಗಳ ಲೆಕ್ಕಕ್ಕೆ ಏರಿರುತ್ತದೆ. ಚಾಲಕ ಎರಡನೇ ಗೇರ್ ಹುಡುಕುತ್ತಾನೆ, ಅದು ಸಿಕ್ಕುವುದಿಲ್ಲ. ಹಿಂದಿನ ಲಾರಿ ಹಾರ್ನ್ ಬಾರಿಸುತ್ತದೆ. ಇಷ್ಟಕ್ಕೆಲ್ಲ ಕಾರಣವಾದ ವಸ್ತು ಹೆಬ್ಬೆರಳಿನ ಗಾತ್ರದ್ದೂ ಅಲ್ಲ! ಲೇತ್‌ನಲ್ಲಿ ಗಟ್ಟಿಯಾದ ಬುಶ್ ಕಡೆಸಿ ಕೂರಿಸಿದರೆ ಕಾಯಿಲೆ ಕೆಲಕಾಲ ವಾಸಿ. ಗೇರ್ ಕೋಲು ನೆಲಕ್ಕೆ ಇಳಿದದ್ದು 1990ರ ದಶಕದಲ್ಲಿ, ಇಸುಜು ಎಂಜಿನ್ನಿನ ಮಾದರಿ ಬಂದ ಮೇಲೆ.

ಇಷ್ಟು ವರ್ಷ ಯಾಕೆ ಬೇಕಾಯಿತು? ಉತ್ತರ ಗ್ಯಾರೇಜಿನಲ್ಲಿಲ್ಲ, ದೆಹಲಿಯಲ್ಲಿದೆ. ಮುಂಬಯಿಯಲ್ಲಿ ಜನರಲ್ ಮೋಟರ್ಸ್ 1928ರಿಂದಲೇ ಕಾರು ಜೋಡಿಸುತ್ತಿತ್ತು, ಫೋರ್ಡ್ ಕೂಡ ಇತ್ತು. ಸ್ವದೇಶಿ ತಯಾರಿಕೆಯ ಯೋಜನೆ ಇಲ್ಲದವರಿಗೆ ಇಲ್ಲಿ ಜಾಗವಿಲ್ಲ ಎಂಬ ನೀತಿ 1953ರಲ್ಲಿ ಬಂದ ಬಳಿಕ ಎರಡೂ ಗಂಟುಮೂಟೆ ಕಟ್ಟಿದವು. ಉಳಿದದ್ದು ಬೆರಳೆಣಿಕೆಯ ಕಂಪನಿಗಳು. ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಗಿರಾಕಿ ಹಿಡಿಕೆ ಸಡಿಲವೆಂದು ಬೇರೆ ಅಂಗಡಿಗೆ ಹೋಗುವಂತಿರಲಿಲ್ಲ. ದೂರುಗಳು ಹೆಚ್ಚಿ 1967ರಲ್ಲಿ ಸರ್ಕಾರ ಕಾರುಗಳ ಗುಣಮಟ್ಟದ ವಿಚಾರಣೆಗೆಂದೇ ಸಮಿತಿ ನೇಮಿಸಿತು. ಬೆಲೆಯ ಜಗಳ 1971ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಲವು ಬಿಡಿಭಾಗಗಳ ತಯಾರಿಕೆ ಸಣ್ಣ ಉದ್ದಿಮೆಗಳಿಗೆ ಮೀಸಲಾಗಿತ್ತು ನಿಜ. ಆದರೆ ತಪ್ಪನ್ನೆಲ್ಲ ಅವುಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವು ಕೊಟ್ಟ ನಕ್ಷೆಯಂತೆ ಮಾಡಿದವು, ನಕ್ಷೆಯೇ ಹಳತಾಗಿತ್ತು.

ಇಲ್ಲಿ ಒಂದು ವಿಪರ್ಯಾಸವಿದೆ. ಟರ್ನರನ ಜಾಣತನವೇ ಕಾರ್ಖಾನೆಗೆ ರಕ್ಷಣೆಯಾಯಿತು. ಬುಶ್ ಸವೆದಾಗಲೆಲ್ಲ ಅನಗೋಳದಲ್ಲೋ ಇನ್ನಾವುದೋ ಊರಿನಲ್ಲೋ ರಿಪೇರಿಯಾದರೆ ಆ ದೂರು ನಕ್ಷೆ ಬರೆದವನ ಮೇಜಿಗೆ ಮುಟ್ಟುವುದು ಹೇಗೆ? ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಪೈಪೋಟಿ ಬಂದ ಮೇಲಷ್ಟೇ ಹಿಡಿಕೆ, ಕೊಂಡಿ, ಸ್ವಿಚ್ಚುಗಳೂ ಮಾರಾಟದ ಮಾತಾದವು. (ಈಗಿನ ಕಾರಿನ ಪ್ಲಾಸ್ಟಿಕ್ ಕ್ಲಿಪ್ಪು ಮುರಿದರೆ ಕಡೆಸಲು ಬರುವುದಿಲ್ಲ. ಎಷ್ಟೋ ಸಲ ಇಡೀ ಜೋಡಣೆಯನ್ನೇ ಕೊಳ್ಳಬೇಕು. ಅದು ಬೇರೆಯೇ ಗೋಳು.)

ಪೈಪೋಟಿ ಇದ್ದರೂ ಸಣ್ಣ ಭಾಗ ಕೈಕೊಡುತ್ತದೆ ಎಂಬುದಕ್ಕೆ ಸಾಕ್ಷಿ ಅಮೆರಿಕದಲ್ಲಿದೆ. ಜನರಲ್ ಮೋಟರ್ಸ್ ಕಂಪನಿಯ ಕೆಲವು ಕಾರುಗಳ ಇಗ್ನಿಷನ್ ಸ್ವಿಚ್ಚಿನೊಳಗಿನ ಸ್ಪ್ರಿಂಗ್‌ಗೆ ಸಾಕಷ್ಟು ಬಿಗಿಯಿರಲಿಲ್ಲ. ಕೀಲಿಗೊಂಚಲು ಭಾರವಾದರೆ, ಮೊಣಕಾಲು ತಗುಲಿದರೆ, ಓಡುತ್ತಿದ್ದಾಗಲೇ ಕೀಲಿ ಹಿಂದಕ್ಕೆ ತಿರುಗಿ ಎಂಜಿನ್ ಆರುತ್ತಿತ್ತು. ಅಪಘಾತವಾದರೆ ಏರ್‌ಬ್ಯಾಗ್ ಕೂಡ ತೆರೆಯುತ್ತಿರಲಿಲ್ಲ. 2006ರಲ್ಲಿ ಭಾಗವನ್ನು ಸುಧಾರಿಸಿದರೂ ಅದರ ಪಾರ್ಟ್ ನಂಬರ್ ಬದಲಿಸಲಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಎಂದು ತನಿಖೆ ಮಾಡುವವರಿಗೂ ವರ್ಷಗಳ ಕಾಲ ತಿಳಿಯಲಿಲ್ಲ. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಯಬೇಕಾಯಿತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಸದ್ದಿಲ್ಲದೆ ಸರಿಪಡಿಸಿದ್ದರ ಬೆಲೆ ಅದು.

ಭಾರತದಲ್ಲಿ ದೋಷವಿರುವ ವಾಹನಗಳನ್ನು ತಯಾರಕರು ತಾವಾಗಿ ವಾಪಸು ಕರೆಯುವ ಸಂಹಿತೆ 2012ರಲ್ಲಿ ಬಂತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಅದನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ನಿಯಮಗಳು ಜಾರಿಯಾದದ್ದು 2021ರ ಏಪ್ರಿಲ್ 1ರಿಂದ. ಮಾಲೀಕರ ದೂರುಗಳು ಈಗ ಒಂದೆಡೆ ಲೆಕ್ಕಕ್ಕೆ ಬರುತ್ತವೆ, ನಿಗದಿತ ಸಂಖ್ಯೆ ಮೀರಿದರೆ ತಯಾರಕರು ಉತ್ತರಿಸಬೇಕು. ಆದರೆ ತಯಾರಾಗಿ ಏಳು ವರ್ಷ ದಾಟಿದ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ. ಅಂಬಾಸಡರ್ ತಯಾರಿಕೆ ನಿಂತದ್ದು 2014ರಲ್ಲಿ. ಅದರ ಗೇರ್ ಬುಶ್ ಸವೆದರೆ ಇವತ್ತಿಗೂ ಲೇತ್ ಹುಡುಕಿಕೊಂಡೇ ಹೋಗಬೇಕು.